ದೋಣಿ ಎಂಜಿನ್ನಿನ ಎಣ್ಣೆಯಲ್ಲಿ ನೀರಿನ ಬೆರಕೆ

ದೋಣಿ ಎಂಜಿನ್ನಿನ ಎಣ್ಣೆಯಲ್ಲಿ ನೀರಿನ ಬೆರಕೆ ಎಂಬುದು ದೋಣಿ ಅಥವಾ ಹಡಗಿನ ಅಂತರ್ದಹನ ಎಂಜಿನ್ನಿನ ಕೀಲೆಣ್ಣೆಗೆ ಸಮುದ್ರದ ನೀರು, ಕೂಲಂಟ್, ಮಳೆನೀರು ಅಥವಾ ಎಂಜಿನ್ನಿನೊಳಗೇ ಹನಿಗಟ್ಟಿದ ತೇವಾಂಶ ಸೇರಿಕೊಳ್ಳುವ ದೋಷವಾಗಿದೆ. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಅತ್ಯಂತ ಪರಿಚಿತ ಲಕ್ಷಣ. ಎಣ್ಣೆಯಲ್ಲಿ ನೀರಿದೆಯೇ ಎಂಬುದನ್ನು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಿಳಿಯಬಹುದು. ಅದು ಯಾವ ನೀರು, ಯಾವ ದಾರಿಯಿಂದ ಬಂದಿತು ಎಂಬುದನ್ನು ನಿರ್ಧರಿಸುವುದು ಹೆಚ್ಚು ಕಷ್ಟದ ಕೆಲಸ. ದಾರಿಯನ್ನು ಕಂಡುಹಿಡಿಯದೆ ಎಣ್ಣೆಯನ್ನು ಮಾತ್ರ ಬದಲಾಯಿಸಿದರೆ ಹೊಸ ಎಣ್ಣೆಯೂ ಅದೇ ರೀತಿ ಕೆಡುತ್ತದೆ. ಅಷ್ಟರಲ್ಲಿ ಬೇರಿಂಗುಗಳು ಮತ್ತು ಕ್ರ್ಯಾಂಕ್‌ಶಾಫ್ಟ್ ತುಕ್ಕು ಹಿಡಿದಿರುತ್ತವೆ.

ಈ ಲೇಖನವು ಮುಖ್ಯವಾಗಿ ದೋಣಿಯ ಒಡಲಿನಲ್ಲಿ ಕೂರಿಸಿದ, ಅಂದರೆ ಇನ್‌ಬೋರ್ಡ್ ಮಾದರಿಯ, ನಾಲ್ಕು ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳನ್ನು ಕುರಿತದ್ದಾಗಿದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳ ವಿಷಯವನ್ನು ಕೊನೆಯ ಭಾಗದಲ್ಲಿ ನೀಡಲಾಗಿದೆ.

ಹಿನ್ನೆಲೆ

ರಸ್ತೆ ವಾಹನದ ಎಂಜಿನ್ನಿನಲ್ಲಿ ಕೂಲಂಟಿನ ಒಂದೇ ಸುತ್ತು ಇರುತ್ತದೆ. ಅದರ ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಡುತ್ತದೆ. ದೋಣಿಯ ಎಂಜಿನ್ ತನ್ನ ಶಾಖವನ್ನು ತಾನು ತೇಲುತ್ತಿರುವ ನೀರಿಗೇ ಬಿಡುತ್ತದೆ. ಇದಕ್ಕಾಗಿ ಎರಡು ಕ್ರಮಗಳು ಬಳಕೆಯಲ್ಲಿವೆ. ನೇರ ಕ್ರಮದಲ್ಲಿ ಸಮುದ್ರದ ಅಥವಾ ನದಿಯ ನೀರೇ ಎಂಜಿನ್ ಬ್ಲಾಕಿನೊಳಗೆ ಹರಿದು ಹೊರಹೋಗುತ್ತದೆ. ಪರೋಕ್ಷ ಕ್ರಮದಲ್ಲಿ ಬ್ಲಾಕಿನೊಳಗೆ ಕೂಲಂಟ್ ಸುತ್ತುತ್ತದೆ. ಅದನ್ನು ಶಾಖ ವಿನಿಮಯಕದ ಸಣ್ಣ ಕೊಳವೆಗಳಲ್ಲಿ ಹರಿಯುವ ಸಮುದ್ರದ ನೀರು ತಂಪುಗೊಳಿಸುತ್ತದೆ. ಎರಡೂ ಕ್ರಮಗಳಲ್ಲಿ, ಬಳಸಿದ ಸಮುದ್ರದ ನೀರನ್ನು ಬಹುಮಟ್ಟಿಗೆ ಎಕ್ಸಾಸ್ಟ್ ಕೊಳವೆಯೊಳಕ್ಕೆ ಬಿಟ್ಟು ಹೊಗೆಯೊಡನೆ ಹೊರಹಾಕಲಾಗುತ್ತದೆ. ಇದನ್ನು ಒದ್ದೆ ಎಕ್ಸಾಸ್ಟ್ ಎನ್ನುತ್ತಾರೆ. ದೋಣಿಯ ತಳಕ್ಕೆ ಹೊಂದಿಸಿದ ಕೊಳವೆಗಳಲ್ಲಿ ಕೂಲಂಟನ್ನು ಸುತ್ತಿಸಿ, ಹೊಗೆಯನ್ನು ಒಣ ಕೊಳವೆಯಿಂದ ಮೇಲಕ್ಕೆ ಬಿಡುವ ವ್ಯವಸ್ಥೆಯೂ ಉಂಟು. ಅಂತಹ ದೋಣಿಗಳಲ್ಲಿ ಎಂಜಿನ್ನಿನ ಮೂಲಕ ಸಮುದ್ರದ ನೀರು ಹರಿಯುವುದಿಲ್ಲವಾದ್ದರಿಂದ ಸಂಶಯದ ದಾರಿಗಳೂ ಕಡಿಮೆ.

ಇನ್ನೊಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಇನ್‌ಬೋರ್ಡ್ ಎಂಜಿನ್ ಅನೇಕ ದೋಣಿಗಳಲ್ಲಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಕಾರಿನ ಎಂಜಿನ್ ನಿಂತಾಗ ಅದರೊಳಗೆ ಹರಿದು ಬರಲು ಹೊರಗೆ ನೀರಿಲ್ಲ. ದೋಣಿಯ ಎಂಜಿನ್ ನಿಂತಿರುವಾಗಲೂ ಸಮುದ್ರವು ಅದರೊಳಕ್ಕೆ ಇಳಿಯಲು ದಾರಿ ಹುಡುಕುತ್ತಲೇ ಇರುತ್ತದೆ.

ನೀರಿನಿಂದಾಗುವ ಹಾನಿ

ಬೇರಿಂಗ್ ಮತ್ತು ಶಾಫ್ಟ್ ಒಂದಕ್ಕೊಂದು ತಾಗದಂತೆ ತಡೆಯುವುದು ಅವುಗಳ ನಡುವಿನ ಎಣ್ಣೆಯ ತೆಳುವಾದ ಪದರ. ನೀರು ಬೆರೆತಾಗ ಈ ಪದರವು ಭಾರವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬೇರಿಂಗಿನ ಒತ್ತಡದ ಭಾಗದಲ್ಲಿ ನೀರಿನ ಹನಿಗಳು ಆವಿಯಾಗಿ ಮತ್ತೆ ಕುಸಿಯುವುದರಿಂದ ಲೋಹದ ಮೇಲ್ಮೈಯಲ್ಲಿ ಗುಳಿಗಳು ಬೀಳುತ್ತವೆ. ಎಣ್ಣೆಗೆ ಸೇರಿಸಿರುವ ಸವೆತನಿರೋಧಕ ಮತ್ತು ಆಮ್ಲನಿರೋಧಕ ರಾಸಾಯನಿಕಗಳು ನೀರಿನೊಡನೆ ವರ್ತಿಸಿ ನಾಶವಾಗುತ್ತವೆ. ಮಸಿಯೊಡನೆ ಸೇರಿ ಉಂಟಾಗುವ ಕೆಸರು ಎಣ್ಣೆ ಫಿಲ್ಟರನ್ನು ಕಟ್ಟಿಸುತ್ತದೆ.

ಸಮುದ್ರದ ನೀರು ಬೆರೆತರೆ ಇವೆಲ್ಲದರ ಜೊತೆಗೆ ಉಪ್ಪಿನ ಸಮಸ್ಯೆಯೂ ಸೇರುತ್ತದೆ. ತೆರೆದ ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಎಂಜಿನ್ ಬಿಸಿಯಾದಾಗ ನೀರು ಆವಿಯಾಗಿ ಹೋದರೂ ಲವಣ ಎಣ್ಣೆಯಲ್ಲೇ ಉಳಿಯುತ್ತದೆ. ಮುಂದೆ ತೇವಾಂಶ ಸಿಕ್ಕಾಗಲೆಲ್ಲ ಕ್ಲೋರೈಡು ಉಕ್ಕನ್ನು ಕೊರೆಯುತ್ತದೆ. ಆದಕಾರಣ ಎಂಜಿನ್ ಸ್ವಲ್ಪ ಓಡಿದರೆ ನೀರು ತಾನಾಗಿ ಒಣಗುತ್ತದೆ ಎಂಬ ರೂಢಿಯ ಮಾತು ಹನಿಗಟ್ಟಿದ ತೇವಾಂಶಕ್ಕೆ ಮಾತ್ರ ಒಪ್ಪುವಂಥದ್ದು. ಸಮುದ್ರದ ನೀರಿನ ವಿಷಯದಲ್ಲಿ ಅದು ಅಪಾಯಕಾರಿ. ಕೂಲಂಟ್ ಬೆರೆತಾಗ ಅದರಲ್ಲಿನ ಗ್ಲೈಕಾಲ್ ಎಣ್ಣೆಯನ್ನು ಅಂಟಾಗಿಸಿ, ಬಿಸಿಗೆ ಆಮ್ಲಗಳಾಗಿ ಒಡೆದು, ಬೇರಿಂಗಿನ ಸೀಸ ಮತ್ತು ತಾಮ್ರವನ್ನು ತಿನ್ನುತ್ತದೆ.

ಸಾಮಾನ್ಯವಾಗಿ ಎಂಜಿನ್ ಎಣ್ಣೆಯಲ್ಲಿ ನೀರಿನ ಪ್ರಮಾಣ ಶೇಕಡಾ 0.2ನ್ನು ಮೀರಿದರೆ ಎಣ್ಣೆಯನ್ನು ಬದಲಾಯಿಸಬೇಕೆಂದು ಪರಿಗಣಿಸಲಾಗುತ್ತದೆ. ಎಂಜಿನ್ ತಯಾರಕರು ನೀಡುವ ಮಿತಿ ಇದಕ್ಕಿಂತ ಬೇರೆಯಾಗಿರಬಹುದು. ಹತ್ತು ಲೀಟರ್ ಎಣ್ಣೆ ಹಿಡಿಯುವ ಎಂಜಿನ್ನಿನಲ್ಲಿ ಈ ಪ್ರಮಾಣವು 20 ಮಿಲಿಲೀಟರ್ ಮಾತ್ರ, ಅಂದರೆ ನಾಲ್ಕು ಟೀ ಚಮಚದಷ್ಟು.

ನೀರು ಒಳಬರುವ ದಾರಿಗಳು

ಸಮುದ್ರದ ನೀರಿನ ಪಂಪು: ಅನೇಕ ಎಂಜಿನ್ನುಗಳಲ್ಲಿ ಈ ಪಂಪನ್ನು ಎಂಜಿನ್ನಿನ ಗೇರುಗಳೇ ತಿರುಗಿಸುತ್ತವೆ. ಪಂಪಿನ ಶಾಫ್ಟಿನ ಒಂದು ತುದಿ ಉಪ್ಪುನೀರಿನಲ್ಲಿ, ಇನ್ನೊಂದು ತುದಿ ಎಂಜಿನ್ ಎಣ್ಣೆಯಲ್ಲಿ ಇರುತ್ತದೆ. ನಡುವೆ ನೀರಿಗೊಂದು, ಎಣ್ಣೆಗೊಂದು ಸೀಲ್ ಇದ್ದು, ಅವೆರಡರ ಮಧ್ಯೆ ಪಂಪಿನ ಮೈಯಲ್ಲಿ ಸಣ್ಣ ರಂಧ್ರವೊಂದನ್ನು ಬಿಟ್ಟಿರುತ್ತಾರೆ. ನೀರಿನ ಸೀಲ್ ಸವೆದರೆ ಈ ರಂಧ್ರದಿಂದ ನೀರು ಹೊರಗೆ ತೊಟ್ಟಿಕ್ಕಬೇಕು. ಅದು ಎಚ್ಚರಿಕೆಯ ಸೂಚನೆ. ರಂಧ್ರವು ಉಪ್ಪು, ತುಕ್ಕು ಅಥವಾ ಬಣ್ಣದಿಂದ ಮುಚ್ಚಿಹೋಗಿದ್ದರೆ ನೀರು ಎಣ್ಣೆಯ ಸೀಲನ್ನು ದಾಟಿ ಎಂಜಿನ್ನಿನೊಳಕ್ಕೆ ಹೋಗುತ್ತದೆ. ಎಂಜಿನ್ನಿಗೆ ಹೊಸದಾಗಿ ಬಣ್ಣ ಬಳಿಯುವಾಗ ಈ ರಂಧ್ರವನ್ನೂ ಸೇರಿಸಿ ಬಳಿದುಬಿಡುವುದು ಅಪರೂಪದ ತಪ್ಪೇನಲ್ಲ. ಬೆಲ್ಟಿನಿಂದ ತಿರುಗುವ, ಬೇರೆಯಾಗಿ ಕೂರಿಸಿದ ಪಂಪುಗಳಲ್ಲಿ ಈ ದಾರಿ ಇಲ್ಲ.

ಆಯಿಲ್ ಕೂಲರ್: ಇದರಲ್ಲಿ ಎಣ್ಣೆ ಮತ್ತು ನೀರಿನ ನಡುವೆ ತೆಳುವಾದ ಲೋಹದ ಕೊಳವೆ ಮಾತ್ರ ಇರುತ್ತದೆ. ಸಮುದ್ರದ ನೀರು ಹರಿಯುವ ಕೂಲರುಗಳಲ್ಲಿ ಕೊಳವೆಗಳು ಕೊರೆದು ತೂತಾಗುವುದು ಸಾಮಾನ್ಯ. ಸವೆಯಲೆಂದೇ ಇಡುವ ಸತುವಿನ ಕಡ್ಡಿಗಳನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಈ ಕೊರೆತ ಬೇಗನೆ ಆಗುತ್ತದೆ.

ಎಕ್ಸಾಸ್ಟ್: ದೋಣಿಗಳಿಗೆ ವಿಶಿಷ್ಟವಾದ ಅಪಾಯ ಇದು. ಎಂಜಿನ್ ಹೊತ್ತಿಕೊಳ್ಳದೆ ಸ್ಟಾರ್ಟರ್ ಮಾತ್ರ ತಿರುಗುತ್ತಿದ್ದಾಗಲೂ ಸಮುದ್ರದ ನೀರಿನ ಪಂಪು ಕೆಲಸ ಮಾಡುತ್ತಲೇ ಇರುತ್ತದೆ. ಆ ನೀರನ್ನು ಹೊರಕ್ಕೆ ಊದಬೇಕಾದ ಹೊಗೆ ಆಗ ಇರುವುದಿಲ್ಲ. ಎಕ್ಸಾಸ್ಟಿನ ನೀರುಪೆಟ್ಟಿಗೆ ತುಂಬಿ, ನೀರು ಹಿಂದಕ್ಕೆ ಏರಿ, ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಅಲ್ಲಿಂದ ಪಿಸ್ಟನ್ ರಿಂಗುಗಳ ಸಂದಿನಿಂದ ಎಣ್ಣೆ ಚೇಂಬರ್ ಸೇರುತ್ತದೆ. ಎಂಜಿನ್ ನಿಂತಿರುವಾಗ ಇದೇ ಫಲವು ಸೈಫನ್ ಕ್ರಿಯೆಯಿಂದಲೂ ಉಂಟಾಗಬಹುದು. ನೀರನ್ನು ಎಕ್ಸಾಸ್ಟಿಗೆ ಬಿಡುವ ಜಾಗವು ಹೊರಗಿನ ನೀರಿನ ಮಟ್ಟದ ಸಮೀಪ ಅಥವಾ ಕೆಳಗೆ ಇದ್ದರೆ, ಆ ಕೊಳವೆಯನ್ನು ಮೊದಲು ಎತ್ತರಕ್ಕೆ ಒಯ್ದು, ಅದರ ತುದಿಯಲ್ಲಿ ಗಾಳಿ ಒಳಬಿಡುವ ವಾಲ್ವನ್ನು ಇಡುತ್ತಾರೆ. ಉಪ್ಪು ಕಟ್ಟಿ ಆ ಸಣ್ಣ ವಾಲ್ವ್ ಮುಚ್ಚಿಕೊಂಡರೆ ಸೈಫನ್ ಕಡಿಯುವುದಿಲ್ಲ. ದೋಣಿ ಲಂಗರಿನಲ್ಲಿ ಸುಮ್ಮನೆ ನಿಂತಿದ್ದ ರಾತ್ರಿಯೊಂದರಲ್ಲಿ ಎಂಜಿನ್ ನೀರಿನಿಂದ ತುಂಬಿಹೋಗಬಹುದು. ನೀರು ಮತ್ತು ಹೊಗೆ ಸೇರುವ ಎಕ್ಸಾಸ್ಟ್ ಬೆಂಡ್ ಒಳಗಿನಿಂದ ತುಕ್ಕು ತಿಂದು ತೂತಾದಾಗಲೂ ನೀರು ಹಿಂದಕ್ಕೆ ಸೋರುತ್ತದೆ.

ಹೆಡ್ ಗ್ಯಾಸ್ಕೆಟ್, ಹೆಡ್, ಬ್ಲಾಕ್ ಮತ್ತು ಲೈನರ್: ಎಂಜಿನ್ ಮಿತಿಮೀರಿ ಬಿಸಿಯಾದ ನಂತರ ಗ್ಯಾಸ್ಕೆಟ್ ಸೋರುವುದು, ಹೆಡ್ ಬಿರುಕು ಬಿಡುವುದು ವಾಹನಗಳಲ್ಲಿರುವಂತೆಯೇ ಇಲ್ಲಿಯೂ ಉಂಟು. ಒದ್ದೆ ಲೈನರಿನ ಎಂಜಿನ್ನುಗಳಲ್ಲಿ ಲೈನರಿನ ಕೆಳಭಾಗದ ರಬ್ಬರ್ ಉಂಗುರಗಳು ಹಾಳಾದರೆ ನೀರು ನೇರವಾಗಿ ಚೇಂಬರಿಗೆ ಇಳಿಯುತ್ತದೆ. ಚಳಿ ದೇಶಗಳಲ್ಲಿ ಬ್ಲಾಕಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಬ್ಲಾಕನ್ನೇ ಸೀಳುವುದುಂಟು.

ಹೊರಗಿನ ನೀರು: ದೋಣಿಯ ತಳದಲ್ಲಿ ನಿಂತ ನೀರು ಏರಿ ಕ್ರ್ಯಾಂಕಿನ ಸೀಲನ್ನೋ ಡಿಪ್‌ಸ್ಟಿಕ್ ಕೊಳವೆಯನ್ನೋ ಮುಟ್ಟುವುದು, ಎಂಜಿನ್ ಕೋಣೆಯ ಮುಚ್ಚಳದಿಂದ ಮಳೆನೀರು ಎಣ್ಣೆ ಸುರಿಯುವ ಬಾಯಿಯ ಮೇಲೆ ಸೋರುವುದು ಈ ಗುಂಪಿಗೆ ಸೇರುತ್ತವೆ. ಟರ್ಬೋ ಇರುವ ಎಂಜಿನ್ನುಗಳಲ್ಲಿ ಸಮುದ್ರದ ನೀರಿನಿಂದ ತಂಪಾಗುವ ಆಫ್ಟರ್‌ಕೂಲರ್ ಸೋರಿದರೆ ನೀರು ಒಳಸೇರುವ ಗಾಳಿಯ ಮೂಲಕ ಸಿಲಿಂಡರಿಗೆ ಬರುತ್ತದೆ.

ಹನಿಗಟ್ಟಿದ ತೇವಾಂಶ: ಡೀಸೆಲ್ ಉರಿದಾಗ ಅದರಲ್ಲಿರುವ ಹೈಡ್ರೋಜನ್ ನೀರಾಗುತ್ತದೆ. ಒಂದು ಲೀಟರ್ ಡೀಸೆಲಿನಿಂದ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಪಾಲು ಹೊಗೆಯೊಡನೆ ಹೋಗುತ್ತದೆ; ರಿಂಗುಗಳನ್ನು ದಾಟಿದ ಸ್ವಲ್ಪ ಭಾಗವು ತಣ್ಣಗಿರುವ ಚೇಂಬರಿನಲ್ಲಿ ಹನಿಗಟ್ಟುತ್ತದೆ. ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು, ಬ್ಯಾಟರಿ ಚಾರ್ಜಿಗಾಗಿ ಭಾರವಿಲ್ಲದೆ ಓಡಿಸುವುದು ಇದಕ್ಕೆ ಕಾರಣ.

ಲಕ್ಷಣಗಳು ಮತ್ತು ತಪ್ಪು ಗ್ರಹಿಕೆಗಳು

ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಏರಿರುವುದು ಮೊದಲ ಲಕ್ಷಣ. ಎಣ್ಣೆ ಖರ್ಚಾಗಿ ಮಟ್ಟ ಇಳಿಯುವುದು ಸಹಜ; ಹಾಕದೆಯೇ ಏರುವುದು ಸಹಜವಲ್ಲ. ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವು ಗಂಟೆಗಳಲ್ಲೇ ಮಸಿಯಿಂದ ಕಪ್ಪಾಗುವುದರಿಂದ, ನೀರು ಬೆರೆತಾಗ ಅದು ಕಾಫಿಯ ಬಣ್ಣಕ್ಕೆ ಬದಲಾಗಿ ಬೂದು ಬಣ್ಣವಾಗಿಯೂ ಕಾಣಬಹುದು. ಎಂಜಿನ್ ಬಹಳ ಹೊತ್ತು ನಿಂತಿದ್ದರೆ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿದು, ಡಿಪ್‌ಸ್ಟಿಕ್ಕಿನ ತುದಿಗೆ ಶುದ್ಧ ಎಣ್ಣೆಯೇ ಅಂಟಿ ಬರುವುದೂ ಉಂಟು. ಹೀಗಾಗಿ ಡಿಪ್‌ಸ್ಟಿಕ್ ಶುಭ್ರವಾಗಿರುವುದು ನೀರಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ.

ಎಣ್ಣೆ ಸುರಿಯುವ ಮುಚ್ಚಳದ ಒಳಗೆ ಮಾತ್ರ ಬೆಣ್ಣೆಯಂಥ ಬಿಳಿ ಪದಾರ್ಥ ಕಟ್ಟಿದ್ದು, ಎಣ್ಣೆಯ ಬಣ್ಣ ಮತ್ತು ಮಟ್ಟ ಸರಿಯಾಗಿದ್ದರೆ ಅದು ಬಹುಮಟ್ಟಿಗೆ ಹನಿಗಟ್ಟಿದ ತೇವಾಂಶ. ಎಂಜಿನ್ನನ್ನು ಭಾರದೊಡನೆ ಪೂರ್ಣ ಬಿಸಿಯಾಗುವವರೆಗೆ ಓಡಿಸಿದ ಮೇಲೆ ಅದು ಮರೆಯಾಗಬೇಕು. ಮತ್ತೆ ಕಂಡರೆ ಬೇರೆ ಕಾರಣ ಹುಡುಕಬೇಕು.

ಮಟ್ಟ ಏರಿದ್ದು, ಎಣ್ಣೆ ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಬೆರೆತಿರುವುದು ನೀರಲ್ಲ, ಇಂಧನ. ಇಂಧನ ಬೆರೆತ ಎಣ್ಣೆ ಮಬ್ಬಾಗುವುದಿಲ್ಲ. ಎಣ್ಣೆ ಅಗತ್ಯಕ್ಕಿಂತ ಹೆಚ್ಚಾಗಿದ್ದು ಕ್ರ್ಯಾಂಕ್ ಅದನ್ನು ಕಡೆದಾಗ ಗಾಳಿಯ ಗುಳ್ಳೆಗಳಿಂದಲೂ ಎಣ್ಣೆ ಬಿಳಿಚಿಕೊಳ್ಳುತ್ತದೆ. ಆದರೆ ಗ್ಲಾಸಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಿಳಿಯಾಗುತ್ತದೆ.

ಪ್ರಾಥಮಿಕ ಪರೀಕ್ಷೆಗಳು

ಸಂಶಯ ಬಂದ ಕೂಡಲೇ ಪಾಲಿಸಬೇಕಾದ ನಿಯಮವೆಂದರೆ ಎಂಜಿನ್ನನ್ನು ಚಾಲೂ ಮಾಡದಿರುವುದು. ಓಡಿಸಿದರೆ ತಳದಲ್ಲಿ ಬೇರೆಯಾಗಿ ನಿಂತಿರುವ ನೀರು ಎಣ್ಣೆಯೊಡನೆ ಕಡೆದು ಬೇರ್ಪಡಿಸಲಾಗದ ಎಮಲ್ಷನ್ ಆಗುತ್ತದೆ. ರೋಗನಿರ್ಣಯಕ್ಕೆ ಬೇಕಾದ ಸಾಕ್ಷ್ಯವೇ ಕಳೆದುಹೋಗುತ್ತದೆ. ಸಿಲಿಂಡರಿನಲ್ಲಿ ನೀರಿದ್ದರೆ ಹಾನಿ ಇನ್ನೂ ದೊಡ್ಡದು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಸ್ಟಾರ್ಟರಿನ ಒಂದೇ ಒತ್ತಿಗೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಇಂಜೆಕ್ಟರುಗಳನ್ನು ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ರಂಧ್ರಗಳಿಂದ ನೀರು ಚಿಮ್ಮುತ್ತದೆಯೇ ಎಂದು ನೋಡುವುದು ಸುರಕ್ಷಿತ ಕ್ರಮ. ಯಾವ ಸಿಲಿಂಡರಿನಿಂದ ನೀರು ಬಂದಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು.

ಮಾದರಿಯನ್ನು ಚೇಂಬರಿನ ತಳದಿಂದ ತೆಗೆಯಬೇಕು. ಎಂಜಿನ್ನನ್ನು ಒಂದು ರಾತ್ರಿ ನಿಲ್ಲಿಸಿ, ಕೆಳಗಿನ ಡ್ರೇನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿದರೆ ಮೊದಲು ಬರುವುದು ನೀರು. ಅನೇಕ ದೋಣಿಗಳಲ್ಲಿ ಆ ಬೋಲ್ಟಿಗೆ ಕೈ ಎಟಕುವುದಿಲ್ಲ. ಆಗ ಡಿಪ್‌ಸ್ಟಿಕ್ ಕೊಳವೆಯಲ್ಲಿ ತೆಳುವಾದ ಪೈಪನ್ನು ತಳದವರೆಗೂ ಇಳಿಸಿ ಕೈಪಂಪಿನಿಂದ ಮೊದಲ ಅರ್ಧ ಲೋಟವನ್ನು ಎಳೆದು ತೆಗೆಯುತ್ತಾರೆ. ಅದನ್ನು ಪಾರದರ್ಶಕ ಗಾಜಿನ ಶೀಷೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಅಲುಗಾಡಿಸದೆ ಇಟ್ಟರೆ ಬೇರೆಯಾಗಬಲ್ಲ ನೀರು ತಳದಲ್ಲಿ ನಿಲ್ಲುತ್ತದೆ. ಎಣ್ಣೆಯಲ್ಲಿರುವ ಮಾರ್ಜಕ ಗುಣದ ರಾಸಾಯನಿಕಗಳಿಂದಾಗಿ ಚೆನ್ನಾಗಿ ಕಡೆದ ಎಮಲ್ಷನ್ ದಿನಗಟ್ಟಲೆ ಇಟ್ಟರೂ ಒಡೆಯದಿರಬಹುದು.

ಚಟಪಟ ಪರೀಕ್ಷೆ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ. ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಲೋಹದ ತಟ್ಟೆಯ ಮೇಲೆ ಎಣ್ಣೆಯ ಒಂದೆರಡು ಹನಿ ಬಿಡಲಾಗುತ್ತದೆ. ಒಗ್ಗರಣೆಗೆ ನೀರು ಬಿದ್ದಾಗ ಆಗುವಂತೆಯೇ ನೀರು ಆವಿಯಾಗಿ ಗುಳ್ಳೆಯೇಳುತ್ತದೆ. ಸಣ್ಣ ಗುಳ್ಳೆಗಳು ಎದ್ದು ಬೇಗ ಮಾಯವಾದರೆ ನೀರು ಸುಮಾರು ಶೇಕಡಾ 0.05ರಿಂದ 0.1ರಷ್ಟು, ದೊಡ್ಡ ಗುಳ್ಳೆಗಳೊಡನೆ ಚಟಪಟ ಸದ್ದು ಕೇಳಿಸಿದರೆ ಶೇಕಡಾ 0.2ಕ್ಕಿಂತ ಹೆಚ್ಚು ಎಂದು ಅಂದಾಜಿಸುತ್ತಾರೆ. ಇದು ಅಂದಾಜು ಮಾತ್ರ. ಕನ್ನಡಕ ಮತ್ತು ಕೈಗವಸು ಧರಿಸಿ, ಗಾಳಿಯಾಡುವ ಜಾಗದಲ್ಲಿ, ತೆರೆದ ಉರಿಯಿಂದ ದೂರದಲ್ಲಿ ಈ ಪರೀಕ್ಷೆ ಮಾಡಬೇಕು. ಪೆಟ್ರೋಲ್ ಬೆರೆತಿರುವ ಸಂಶಯವಿದ್ದರೆ ಮಾಡಲೇಬಾರದು.

ಇಂಗುಕಾಗದದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಹರಡುವಿಕೆಯನ್ನು ನೋಡುವುದೂ ಹಳೆಯ ಕ್ರಮ. ನೀರಿದ್ದರೆ ಕಲೆಯ ಅಂಚು ದುಂಡಗೆ ಹರಡದೆ ಒಡೆದಂತೆ ಕಾಣುತ್ತದೆ. ಗ್ಲೈಕಾಲ್ ಇದ್ದರೆ ಮಸಿ ನಡುವಿನಲ್ಲೇ ಕಪ್ಪಾಗಿ ಅಂಟಿಕೊಳ್ಳುತ್ತದೆ.

ಯಾವ ನೀರು ಎಂಬುದನ್ನು ಗುರುತಿಸುವುದು

ಪರೋಕ್ಷ ಕ್ರಮದ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಕೂಲಂಟ್ ತೊಟ್ಟಿ. ಅದರ ಮಟ್ಟ ಇಳಿದಿದ್ದರೆ ಸೋರಿಕೆ ಒಳಸುತ್ತಿನದು. ಮಟ್ಟ ಕದಲದೆ ಎಣ್ಣೆಯಲ್ಲಿ ನೀರು ಹೆಚ್ಚಿದ್ದರೆ ನೀರು ಸಮುದ್ರದ್ದೋ ಮಳೆಯದೋ ಆಗಿರಬೇಕು. ಕೂಲಂಟಿನಲ್ಲಿ ಬಣ್ಣವಿರುವುದು ಸಹಾಯಕವಾದರೂ ಕಪ್ಪು ಎಣ್ಣೆಯಲ್ಲಿ ಆ ಬಣ್ಣ ಕಾಣುವುದು ಕಡಿಮೆ.

ಶೀಷೆಯ ತಳದಲ್ಲಿ ಬೇರೆಯಾದ ನೀರು ಸಿಕ್ಕರೆ ಪ್ರೌಢಶಾಲೆಯ ಪ್ರಯೋಗವೊಂದು ಸಾಕಾಗುತ್ತದೆ. ಅದಕ್ಕೆ ಸ್ವಲ್ಪ ದುರ್ಬಲ ನೈಟ್ರಿಕ್ ಆಮ್ಲ ಸೇರಿಸಿ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಬಿಟ್ಟಾಗ ಮೊಸರಿನಂತೆ ದಪ್ಪ ಬಿಳಿ ಗಸಿ ಕಟ್ಟಿದರೆ ಕ್ಲೋರೈಡು ಹೇರಳವಾಗಿದೆ, ಅಂದರೆ ಉಪ್ಪುನೀರು ಎಂದರ್ಥ. ನಲ್ಲಿಯ ನೀರಿನಲ್ಲೂ ಸ್ವಲ್ಪ ಕ್ಲೋರೈಡು ಇರುವುದರಿಂದ ತೆಳುವಾದ ಮಬ್ಬನ್ನು ಉಪ್ಪುನೀರೆಂದು ಭಾವಿಸಬಾರದು. ದೋಣಿಯ ಹೊರಗಿನ ನೀರನ್ನೂ ಜೊತೆಗೆ ಪರೀಕ್ಷಿಸಿ ಹೋಲಿಸುವುದು ಉತ್ತಮ. ನೀರನ್ನು ನಾಲಿಗೆಗೆ ಸೋಕಿಸಿ ಉಪ್ಪು ನೋಡುವ ಅಭ್ಯಾಸವನ್ನು ಬಿಡಲೇಬೇಕು. ಕೂಲಂಟಿನ ಎಥಿಲೀನ್ ಗ್ಲೈಕಾಲ್ ವಿಷಕಾರಿ, ಮತ್ತು ಅದರ ರುಚಿ ಸಿಹಿ.

ಹೋಲಿಕೆಯ ಅಗತ್ಯವು ನದೀಮುಖಗಳಲ್ಲಿ ಹೆಚ್ಚು. ಕರ್ನಾಟಕದ ಮೀನುಗಾರಿಕಾ ಬಂದರುಗಳಲ್ಲಿ ಹಲವು ನದಿ ಸಮುದ್ರ ಸೇರುವಲ್ಲಿವೆ: ಮಂಗಳೂರಿನ ಹಳೆ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿದೆ, ಗಂಗೊಳ್ಳಿಯು ಪಂಚಗಂಗಾವಳಿಯ ಮುಖದಲ್ಲಿ, ತದಡಿಯು ಅಘನಾಶಿನಿಯ ಮುಖದಲ್ಲಿ. ಮಳೆಗಾಲದಲ್ಲಿ ಅಳಿವೆಯ ನೀರಿನ ಉಪ್ಪು ಬಹಳ ಇಳಿಯುತ್ತದೆ. ಆ ದಿನಗಳಲ್ಲಿ ಒಳಬಂದ ನೀರಿನಲ್ಲಿ ಉಪ್ಪು ಕಡಿಮೆಯೆಂದು ಅದನ್ನು ಮಳೆನೀರು ಅಥವಾ ಹನಿಗಟ್ಟಿದ ತೇವಾಂಶವೆಂದು ತೀರ್ಮಾನಿಸಿದರೆ ಪಂಪು ಅಥವಾ ಎಕ್ಸಾಸ್ಟಿನ ದೋಷ ಉಳಿದುಬಿಡುತ್ತದೆ.

ದಾರಿಯನ್ನು ಪತ್ತೆಹಚ್ಚುವುದು

ಉಪಕರಣಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ನೀರು ಯಾವಾಗ ಕಾಣಿಸಿಕೊಂಡಿತು? ಎಂಜಿನ್ ಓಡುವಾಗಲೇ, ನಿಂತಿದ್ದಾಗಲೇ, ಅಥವಾ ಚಾಲೂ ಆಗದೆ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಿದ ನಂತರವೇ?

ಇದರ ತರ್ಕವನ್ನು ಆಯಿಲ್ ಕೂಲರ್ ಚೆನ್ನಾಗಿ ತೋರಿಸುತ್ತದೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡವು ನೀರಿನ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಕೂಲರಿನಲ್ಲಿ ತೂತಿದ್ದರೆ ಆಗ ನೀರು ಎಣ್ಣೆಗೆ ಬರುವುದಿಲ್ಲ, ಎಣ್ಣೆಯೇ ನೀರಿಗೆ ಹೋಗುತ್ತದೆ. ದೋಣಿಯ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ಹರಡುತ್ತದೆ, ಅಥವಾ ಕೂಲಂಟ್ ತೊಟ್ಟಿಯಲ್ಲಿ ಎಣ್ಣೆ ತೇಲುತ್ತದೆ. ಎಂಜಿನ್ ನಿಂತ ಮೇಲೆ ಎಣ್ಣೆಯ ಒತ್ತಡ ಸೊನ್ನೆಗೆ ಇಳಿಯುತ್ತದೆ. ಆದರೆ ಕೂಲರಿಗಿಂತ ಮೇಲಿರುವ ನೀರಿನ ಭಾರ ಹಾಗೆಯೇ ಉಳಿದಿರುತ್ತದೆ. ಆಗ ಹರಿವು ತಿರುಗುತ್ತದೆ. ಹೀಗಾಗಿ ಓಡುವಾಗ ಎಣ್ಣೆ ಕಡಿಮೆಯಾಗಿ, ರಾತ್ರಿ ನಿಂತ ಮೇಲೆ ಮಟ್ಟ ಏರುವ ಎಂಜಿನ್ನಿನಲ್ಲಿ ಕೂಲರನ್ನೇ ಮೊದಲು ಬಿಚ್ಚಬೇಕು.

ಪಂಪಿನ ಸೀಲ್ ಸೋರಿಕೆ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ: ಓಡಿದಷ್ಟೂ ನೀರು ಹೆಚ್ಚುತ್ತದೆ, ಎಕ್ಸಾಸ್ಟ್ ನೀರಿನಲ್ಲಿ ಎಣ್ಣೆ ಕಾಣುವುದಿಲ್ಲ, ಸಿಲಿಂಡರುಗಳೂ ಒಣಗಿರುತ್ತವೆ. ಸಿಲಿಂಡರುಗಳಲ್ಲಿ ಉಪ್ಪುನೀರು ಸಿಕ್ಕರೆ ಎಕ್ಸಾಸ್ಟ್ ಮತ್ತು ಸೈಫನ್ ವಾಲ್ವ್ ಕಡೆಗೆ ನೋಡಬೇಕು. ಒಂದೇ ಸಿಲಿಂಡರಿನಲ್ಲಿ ಅಥವಾ ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕೂಲಂಟ್ ಸಿಕ್ಕರೆ ಅದು ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕಿನ ಸೂಚನೆ. ನೇರ ಕ್ರಮದ ಎಂಜಿನ್ನಿನಲ್ಲಿ ಬ್ಲಾಕಿನಲ್ಲೂ ಉಪ್ಪುನೀರೇ ಇರುವುದರಿಂದ ಈ ಭೇದ ಸಿಗುವುದಿಲ್ಲ; ಅಲ್ಲಿ ಒತ್ತಡದ ಪರೀಕ್ಷೆಯೊಂದೇ ದಾರಿ.

ಒತ್ತಡದ ಪರೀಕ್ಷೆಯಲ್ಲಿ ಕೂಲಂಟ್ ಸುತ್ತಿಗೆ ಕೈಪಂಪಿನಿಂದ, ತೊಟ್ಟಿಯ ಮುಚ್ಚಳದ ಮೇಲೆ ನಮೂದಿಸಿದ ಮಿತಿಯವರೆಗೆ ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಹೊರಗೆಲ್ಲೂ ಸೋರದೆ ಮುಳ್ಳು ಇಳಿದರೆ ಸೋರಿಕೆ ಒಳಗಿದೆ. ಚೇಂಬರ್ ಬಿಚ್ಚಿದ ಸ್ಥಿತಿಯಲ್ಲಿ ಈ ಪರೀಕ್ಷೆ ಮಾಡಿದರೆ ಯಾವ ಲೈನರಿನ ಬುಡದಿಂದ ಹನಿ ಬೀಳುತ್ತದೆಂಬುದೂ ಕಣ್ಣಿಗೆ ಕಾಣುತ್ತದೆ. ಆಯಿಲ್ ಕೂಲರನ್ನು ಬಿಚ್ಚಿ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಗಾಳಿ ಕೊಟ್ಟು, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಂತೆ ನೀರಿನಲ್ಲಿ ಮುಳುಗಿಸುತ್ತಾರೆ. ಗ್ಯಾಸ್ಕೆಟ್ ಸಂಶಯವಿದ್ದಾಗ ಕೂಲಂಟ್ ತೊಟ್ಟಿಯ ಗಾಳಿಯನ್ನು ನೀಲಿ ಬಣ್ಣದ ಸೂಚಕ ದ್ರಾವಣದ ಮೂಲಕ ಹಾಯಿಸುವ ಸಲಕರಣೆಯೂ ಇದೆ. ಹೊಗೆಯ ಇಂಗಾಲದ ಡೈಆಕ್ಸೈಡ್ ಬೆರೆತಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಗೇರ್‌ಬಾಕ್ಸಿಗೆ ಬೇರೆಯೇ ಕೂಲರ್ ಇರುವ ದೋಣಿಗಳಲ್ಲಿ ಅದರ ಎಣ್ಣೆಯನ್ನೂ ನೋಡುವುದು ಒಳ್ಳೆಯದು.

ಪ್ರಯೋಗಾಲಯದ ಪರೀಕ್ಷೆಗಳು

ನೀರಿನ ನಿಖರ ಪ್ರಮಾಣಕ್ಕೆ ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಫಿಶರ್ 1935ರಲ್ಲಿ ಪ್ರಕಟಿಸಿದ ಅನುಮಾಪನ ವಿಧಾನವನ್ನು ಬಳಸಲಾಗುತ್ತದೆ. ಎಣ್ಣೆಗಳಿಗೆ ಅನ್ವಯಿಸುವ ಇದರ ಮಾನಕ ಎಎಸ್‌ಟಿಎಂ ಡಿ6304. ಹಡಗುಗಳಲ್ಲಿ ಕ್ಯಾಲ್ಸಿಯಂ ಹೈಡ್ರೈಡ್ ಇರುವ ಸಣ್ಣ ಪಾತ್ರೆಯ ಕಿಟ್ ಬಳಕೆಯಲ್ಲಿದೆ: ನೀರಿನೊಡನೆ ವರ್ತಿಸಿ ಹುಟ್ಟುವ ಹೈಡ್ರೋಜನ್ ಅನಿಲದ ಒತ್ತಡದಿಂದ ನೀರಿನ ಪ್ರಮಾಣ ತಿಳಿಯುತ್ತದೆ.

ಧಾತುಗಳ ವಿಶ್ಲೇಷಣೆಯು ನೀರಿನ ಮೂಲವನ್ನು ಹೇಳುತ್ತದೆ. ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸೋಡಿಯಂ ಸುಮಾರು 10.8 ಗ್ರಾಂ, ಮೆಗ್ನೀಸಿಯಂ ಸುಮಾರು 1.3 ಗ್ರಾಂ ಇರುತ್ತದೆ, ಅಂದರೆ ಸುಮಾರು ಎಂಟಕ್ಕೆ ಒಂದು. ಎಣ್ಣೆಯಲ್ಲಿ ಶೇಕಡಾ ಒಂದರಷ್ಟು ಸಮುದ್ರದ ನೀರು ಸೇರಿದರೆ ಪ್ರತಿ ಕಿಲೋಗ್ರಾಂ ಎಣ್ಣೆಗೆ ಸುಮಾರು 108 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಸೋಡಿಯಂ ಜೊತೆಗೆ ಪೊಟ್ಯಾಸಿಯಂ, ಬೋರಾನ್ ಅಥವಾ ಸಿಲಿಕಾನ್ ಏರಿದ್ದರೆ ಕೂಲಂಟಿನ ಕಡೆಗೆ ಸಂಶಯ ತಿರುಗುತ್ತದೆ. ಮೆಗ್ನೀಸಿಯಂ ಮತ್ತು ಬೋರಾನ್ ಕೆಲವು ಎಣ್ಣೆಗಳಲ್ಲಿ ಮೊದಲಿನಿಂದಲೇ ಇರುವುದರಿಂದ ಅದೇ ಡಬ್ಬದ ಹೊಸ ಎಣ್ಣೆಯ ಮಾದರಿಯನ್ನೂ ಕಳುಹಿಸಬೇಕು. ನೀರು ಆವಿಯಾಗಿ ಹೋದ ಮೇಲೂ ಸೋಡಿಯಂ ಉಳಿಯುವುದರಿಂದ, ಕಣ್ಣಿಗೆ ಸ್ವಚ್ಛವಾಗಿ ಕಾಣುವ ಎಣ್ಣೆಯಲ್ಲಿಯೂ ಈ ಪರೀಕ್ಷೆ ಹಿಂದೆ ನಡೆದ ಸೋರಿಕೆಯನ್ನು ತೋರಿಸಬಲ್ಲದು.

ದೋಷ ಖಚಿತವಾದ ನಂತರ

ದಾರಿಯನ್ನು ಮುಚ್ಚಿದ ಮೇಲೆ ಎಣ್ಣೆ ಮತ್ತು ಫಿಲ್ಟರನ್ನು ಬದಲಾಯಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಕಡಿಮೆ ಭಾರದಲ್ಲಿ ಓಡಿಸಿ, ಬಿಸಿಯಿರುವಾಗಲೇ ಮತ್ತೆ ಎಣ್ಣೆ ತೆಗೆಯುವುದು ರೂಢಿ. ಎಣ್ಣೆಯ ಮಬ್ಬು ಪೂರ್ಣವಾಗಿ ಹೋಗಲು ಸಾಮಾನ್ಯವಾಗಿ ಮೂರು ನಾಲ್ಕು ಬಾರಿ ಹೀಗೆ ಮಾಡಬೇಕಾಗುತ್ತದೆ. ಒಂದೇ ಬದಲಾವಣೆಯಿಂದ ಹೋಗದ ಮಬ್ಬನ್ನು ಹೊಸ ಸೋರಿಕೆಯೆಂದು ತಿಳಿದು ಹೆಡ್ ಬಿಚ್ಚುವುದು ಅನಗತ್ಯ ಖರ್ಚಿಗೆ ದಾರಿಯಾಗುತ್ತದೆ. ಗ್ಲೈಕಾಲ್ ಬೆರೆತಿದ್ದರೆ ಬೇರಿಂಗುಗಳನ್ನು ಬಿಚ್ಚಿ ನೋಡುವುದು ಕ್ಷೇಮ.

ಎಂಜಿನ್ ಪೂರ್ತಿ ಮುಳುಗಿದ್ದರೆ ಸಮಯವೇ ಮುಖ್ಯ. ನೀರಿನಿಂದ ಎತ್ತಿ ಗಾಳಿಗೆ ತೆರೆದ ಕ್ಷಣದಿಂದ ತುಕ್ಕು ವೇಗವಾಗಿ ಹಿಡಿಯುತ್ತದೆ. ಅದೇ ದಿನ ನೀರು ತೆಗೆದು ಕೆಲಸ ಆರಂಭಿಸಲಾಗದಿದ್ದರೆ ಒಳಭಾಗವನ್ನು ಸಿಹಿನೀರಿನಿಂದ ತೊಳೆದು, ಎಣ್ಣೆ ಅಥವಾ ಡೀಸೆಲ್ ತುಂಬಿಸಿಡುತ್ತಾರೆ.

ಸ್ಟಾರ್ಟರನ್ನು ಪದೇಪದೇ ತಿರುಗಿಸಬೇಕಾದಾಗ ಸಮುದ್ರದ ನೀರಿನ ವಾಲ್ವನ್ನು ಮುಚ್ಚಿಟ್ಟು, ಎಂಜಿನ್ ಹೊತ್ತಿಕೊಂಡ ಕೂಡಲೇ ತೆರೆಯುವುದು ಎಕ್ಸಾಸ್ಟ್ ತುಂಬುವುದನ್ನು ತಡೆಯುತ್ತದೆ. ತೆರೆಯಲು ಮರೆತರೆ ಪಂಪಿನ ರಬ್ಬರ್ ಚಕ್ರ ನಿಮಿಷಗಳಲ್ಲೇ ಹಾಳಾಗುತ್ತದೆ.

ತೆಗೆದ ಎಣ್ಣೆಯನ್ನು ಸಮುದ್ರಕ್ಕೆ ಅಥವಾ ದೋಣಿಯ ತಳದ ನೀರಿಗೆ ಸುರಿಯಬಾರದು. ಭಾರತದಲ್ಲಿ ಬಳಸಿದ ಕೀಲೆಣ್ಣೆಯು ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಕರ್ನಾಟಕದ ಕರಾವಳಿಯಲ್ಲಿ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಮಲ್ಪೆ, ಮಂಗಳೂರು ಮೊದಲಾದ ಬಂದರುಗಳಲ್ಲಿ ಟ್ರಾಲ್ ಮತ್ತು ಪರ್ಸೀನ್ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ ಅಥವಾ ದಡಕ್ಕೆ ಏರುತ್ತವೆ. ನೀರಿನಲ್ಲೇ ನಿಂತ ದೋಣಿಗೆ ಧಾರಾಕಾರ ಮಳೆ, ತಳದಲ್ಲಿ ಏರುವ ನೀರು, ತೇವ ತುಂಬಿದ ಗಾಳಿ ಮತ್ತು ಎರಡು ತಿಂಗಳು ಚಾಲೂ ಆಗದ ಎಂಜಿನ್ ಒಟ್ಟಿಗೆ ಎದುರಾಗುತ್ತವೆ. ನಿಂತಿರುವಾಗ ನೀರು ಒಳಬರುವ ಮೇಲೆ ಹೇಳಿದ ಎಲ್ಲ ದಾರಿಗಳಿಗೂ ಇದು ಅನುಕೂಲದ ಕಾಲ. ಆಗಸ್ಟ್ ತಿಂಗಳ ಮೊದಲ ಪ್ರಯಾಣಕ್ಕೆ ಮುನ್ನ, ಸ್ಟಾರ್ಟರ್ ಒತ್ತುವುದಕ್ಕಿಂತ ಮೊದಲು, ಚೇಂಬರಿನ ತಳದಿಂದ ಅರ್ಧ ಲೋಟ ಎಣ್ಣೆ ತೆಗೆದು ನೋಡಲು ಹಿಡಿಯುವ ಸಮಯ ಕಡಿಮೆ. ತೀರದಿಂದ ದೂರದಲ್ಲಿ ಎಂಜಿನ್ ಕೆಟ್ಟು ನಿಂತ ದೋಣಿ ಗಾಳಿ ಮತ್ತು ಅಲೆಗಳ ವಶವಾಗುತ್ತದೆ. ಇನ್ನೊಂದು ದೋಣಿ ಬಂದು ಎಳೆದೊಯ್ಯುವವರೆಗೆ ಅದರಲ್ಲಿರುವವರಿಗೆ ಬೇರೆ ಉಪಾಯವಿಲ್ಲ.

ಔಟ್‌ಬೋರ್ಡ್ ಎಂಜಿನ್ನುಗಳು

ನಾಡದೋಣಿಗಳಲ್ಲಿ ಬಳಸುವ ಎರಡು ಸ್ಟ್ರೋಕಿನ ಔಟ್‌ಬೋರ್ಡುಗಳಲ್ಲಿ ಎಣ್ಣೆ ಇಂಧನದೊಡನೆ ಉರಿದುಹೋಗುವುದರಿಂದ ಎಣ್ಣೆ ಚೇಂಬರ್ ಇರುವುದಿಲ್ಲ. ಇವುಗಳಲ್ಲಿ ನೋಡಬೇಕಾದದ್ದು ಪ್ರೊಪೆಲ್ಲರಿನ ಬಳಿ ನೀರಿನೊಳಗೇ ಇರುವ ಗೇರ್‌ಬಾಕ್ಸಿನ ಎಣ್ಣೆಯನ್ನು. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು ಕೊಯ್ದು ನೀರು ಒಳಹೋಗುವುದು ಇಲ್ಲಿ ಸಾಮಾನ್ಯ ಕಾರಣ. ಕೆಳಗಿನ ಸ್ಕ್ರೂ ಬಿಚ್ಚಿದಾಗ ಮೊದಲು ನೀರು ಬಂದರೆ ಅಥವಾ ಎಣ್ಣೆ ಹಾಲಿನಂತಿದ್ದರೆ ಸೀಲುಗಳನ್ನು ಮತ್ತು ಸ್ಕ್ರೂವಿನ ವಾಷರನ್ನು ಬದಲಾಯಿಸಿ, ಹೊಸ ಎಣ್ಣೆಯನ್ನು ಗಾಳಿ ಉಳಿಯದಂತೆ ಕೆಳಗಿನ ರಂಧ್ರದಿಂದ ಮೇಲಕ್ಕೆ ತುಂಬಬೇಕು. ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡುಗಳಲ್ಲಿ ಎಣ್ಣೆಯ ಮಟ್ಟ ಏರುವುದಕ್ಕೆ ನೀರಿಗಿಂತಲೂ ಹೆಚ್ಚಾಗಿ, ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಚೇಂಬರಿಗೆ ಇಳಿಯುವುದು ಕಾರಣವಾಗಿರುತ್ತದೆ. ಆದ್ದರಿಂದ ಮೊದಲು ವಾಸನೆಯನ್ನು ಗಮನಿಸಬೇಕು, ಚಟಪಟ ಪರೀಕ್ಷೆಗೆ ಕೈ ಹಾಕಬಾರದು.